48 ಸಾವಿರ ಜನ ನೋಡಿದರಂತೆ, ಎಣ್ಣೆ ಕೊಂಡವರೆಷ್ಟು?

ಬನ್ನೇರುಘಟ್ಟ ಮೃಗಾಲಯಕ್ಕೆ ಹೋಗುವ 365 ನಂಬರಿನ ಬಸ್ ಹತ್ತಿ ಹುಳಿಮಾವು ದಾಟಿದರೆ ಸ್ವಲ್ಪ ಹೊತ್ತಿಗೆ ಗೊಟ್ಟಿಗೆರೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ನೈಸ್ ರಸ್ತೆ, ಹತ್ತಿರದ ಕಾಳೇನ ಅಗ್ರಹಾರದಲ್ಲಿ ಮೆಟ್ರೋ ಗುಲಾಬಿ ಮಾರ್ಗದ ಕೊನೆಯ ನಿಲ್ದಾಣ. ಮೊದಲು ಹಳ್ಳಿಯಾಗಿದ್ದ ಊರು. ಈಗ ಹಳೇ ಮನೆಗಳ ಪಕ್ಕದಲ್ಲೇ ದೊಡ್ಡ ಅಪಾರ್ಟ್‌ಮೆಂಟುಗಳು. ನಾವು ಮೂವರು ಇಲ್ಲಿ ರೂಮ್ ಮಾಡಿದ್ದೇವೆ. ಜಯನಗರದ ಬಾಡಿಗೆ ಕೊಡಲು ಆಗಲ್ಲ, ಅಷ್ಟೇ ಕಾರಣ.

ಪತ್ರಿಕೋದ್ಯಮ ಓದಿದವರು ಅಂತ ಗೊತ್ತಾದ ಮೇಲೆ ಬೀದಿಯ ಅಂಗಡಿಯವರೆಲ್ಲ ನಮ್ಮನ್ನು ಕರೆಯುತ್ತಾರೆ. ಬೋರ್ಡಿನಲ್ಲಿ ಒತ್ತಕ್ಷರ ಸರಿಯಿದೆಯಾ ನೋಡೋಕೆ, ಫೋಟೋ ತೆಗೆಯೋಕೆ, ಫೋನಲ್ಲಿ ಬಂದ ಇಂಗ್ಲಿಷ್ ಮೆಸೇಜ್ ಓದಿ ಹೇಳೋಕೆ. ಹಾಗೆ ಪರಿಚಯವಾದವರು ಮರದ ಗಾಣದ ಎಣ್ಣೆ ಅಂಗಡಿಯ ಅಣ್ಣ. ಕನಕಪುರದ ಕಡೆಯವರು. ಗಂಡ ಹೆಂಡತಿ ಇಬ್ಬರೇ ಅಂಗಡಿ ನಡೆಸುತ್ತಾರೆ. ಕಡಲೆಕಾಯಿ, ಕೊಬ್ಬರಿ, ಎಳ್ಳು ಮೂರೂ ಕಣ್ಣೆದುರೇ ಅರೆದು ಕೊಡುತ್ತಾರೆ.

ಅಣ್ಣ ಒಂದು ದಿನ ಫೋನ್ ಚಾಚಿದರು. ಆನ್‌ಲೈನ್ ಮಾರ್ಕೆಟಿಂಗ್ ಮಾಡಿಕೊಡುವ ಒಂದು ಕಂಪನಿಯವರು ಕಳಿಸಿದ ತಿಂಗಳ ರಿಪೋರ್ಟ್. ಆರು ಪುಟ, ಬಣ್ಣಬಣ್ಣದ ಗ್ರಾಫ್. ಮೇಲೆ ದಪ್ಪ ಅಕ್ಷರದಲ್ಲಿ 48,000.

"ನಲವತ್ತೆಂಟು ಸಾವಿರ ಜನ ನೋಡಿದಾರಂತೆ ಕಣ್ರಪ್ಪಾ. ಎಣ್ಣೆ ಮಾತ್ರ ಮೊದಲು ಎಷ್ಟು ಹೋಗ್ತಿತ್ತೋ ಅಷ್ಟೇ ಹೋಗ್ತಿದೆ. ಇದರಲ್ಲಿ ನಂಗೇನು ಬಂತು, ಓದಿ ಹೇಳಿ."

ಇಂಥ ರಿಪೋರ್ಟ್ ನಮ್ಮ ಓದುಗರಲ್ಲೂ ಹಲವರ ಫೋನಿಗೆ ಬಂದಿರಬಹುದು, ಇಲ್ಲವೇ ಮುಂದೆ ಬರಬಹುದು. ಹಪ್ಪಳ ಮಾಡುವ ಸಂಘದವರಿಗೆ, ಆಲೆಮನೆಯವರಿಗೆ, ಜೇನು ಮಾರುವವರಿಗೆ ಈಗ "ನಿಮ್ಮ ಬಿಸಿನೆಸ್ ಆನ್‌ಲೈನ್ ಮಾಡಿಕೊಡ್ತೀವಿ" ಅನ್ನುವ ಕರೆ ಬರುತ್ತಲೇ ಇರುತ್ತದೆ. ಅದಕ್ಕೇ ಅಣ್ಣನ ಜೊತೆ ಕೂತು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ 48,000. ರಿಪೋರ್ಟಿನಲ್ಲಿ ಅದನ್ನು ಇಂಪ್ರೆಷನ್ ಅಂತ ಬರೆದಿದ್ದರು. ಇಂಪ್ರೆಷನ್ ಅಂದರೆ ಜನ ಅಲ್ಲ. ಜಾಹೀರಾತು ಫೋನಿನ ಪರದೆಯ ಮೇಲೆ ಬಂದು ಹೋದ ಸಲ. ಒಬ್ಬರ ಪರದೆಯಲ್ಲಿ ಐದು ಸಲ ಬಂದರೆ ಐದು ಇಂಪ್ರೆಷನ್. ಬೆರಳಲ್ಲಿ ಸರ್ರನೆ ಮೇಲಕ್ಕೆ ತಳ್ಳಿದರೂ ಲೆಕ್ಕಕ್ಕೆ ಸೇರುತ್ತದೆ. ರೀಚ್ ಅನ್ನೋದು ಬೇರೆ, ಒಂದು ಸಲವಾದರೂ ಕಂಡ ಖಾತೆಗಳ ಲೆಕ್ಕ. ಅದು ಆರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು, ತುಂಬ ಕಡಿಮೆಯಿತ್ತು.

ಮುಂದಿನ ಪ್ರಶ್ನೆ, ಯಾರಿಗೆ ಕಂಡಿತು? ಜಾಹೀರಾತನ್ನು ಇಡೀ ಬೆಂಗಳೂರಿಗೆ ಬಿಟ್ಟಿದ್ದರು. ಯಲಹಂಕದವರು ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಗೊಟ್ಟಿಗೆರೆಗೆ ಬರುತ್ತಾರಾ? ಊರ ಹಬ್ಬಕ್ಕೆ ಜಿಲ್ಲೆಯಾಚೆ ಟಾಂಟಾಂ ಹೊಡೆಸಿದ ಹಾಗೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಅಂಗಡಿಯ ಸುತ್ತ ಇಷ್ಟು ಕಿಲೋಮೀಟರ್ ಅಂತ ಗೆರೆ ಹಾಕಿ ಜಾಹೀರಾತು ಬಿಡಬಹುದು. ಎರಡು ನಿಮಿಷದ ಕೆಲಸ. ಗೆರೆ ಚಿಕ್ಕದಾದರೆ ರಿಪೋರ್ಟಿನ ಸಂಖ್ಯೆಯೂ ಚಿಕ್ಕದಾಗುತ್ತದೆ, ಮಾಡದೇ ಇರಲು ಅದೇ ಕಾರಣ ಇರಬಹುದು ಅಂತ ನಮ್ಮ ಅನುಮಾನ.

ಆಮೇಲೆ ಅಕ್ಕ, ಅಂದರೆ ಅಣ್ಣನ ಹೆಂಡತಿ, ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕಿದರು. ಕಂಪನಿಗೆ ತಿಂಗಳಿಗೆ 8,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ 1,440. ಒಟ್ಟು 9,440. ಜಿಎಸ್‌ಟಿ ನೋಂದಣಿ ಇಲ್ಲದ ಅಂಗಡಿಗೆ ಆ 1,440 ಎಲ್ಲೂ ವಜಾ ಆಗಲ್ಲ, ಹೋಯಿತು ಅಂದರೆ ಹೋಯಿತು. ಒಂದು ಲೀಟರಿಗೆ ಎಲ್ಲಾ ಖರ್ಚು ಕಳೆದು 60 ರೂಪಾಯಿ ಉಳಿಯುತ್ತದೆ ಅಂತ ಅಕ್ಕ ಹೇಳಿದರು. ಹಾಗಾದರೆ ಕೊಟ್ಟ ದುಡ್ಡು ವಾಪಸ್ ಬರಬೇಕಾದರೇ ತಿಂಗಳಿಗೆ 158 ಲೀಟರ್ ಹೆಚ್ಚಿಗೆ ಮಾರಬೇಕು. ಪೂರ್ತಿ 60 ರೂಪಾಯಿ ಲಾಭ ಅಂತ ಸಿಗೋದು 159ನೇ ಲೀಟರಿನಿಂದ.

"ನಮ್ಮ ಗಾಣ ಅಷ್ಟು ಅರೆಯೋದೇ ಇಲ್ವಲ್ಲ" ಅಂದರು ಅಕ್ಕ. ಈಗಿನ ಮಾರಾಟದ ಮೇಲೆ ಇನ್ನೂ 158 ಲೀಟರ್ ತೆಗೆಯಲು ಆ ಗಾಣಕ್ಕೆ ದಿನದಲ್ಲಿ ಗಂಟೆಗಳೇ ಸಾಲಲ್ಲ. ಒಪ್ಪಂದಕ್ಕೆ ಸಹಿ ಹಾಕಿಸುವಾಗ ಬಂದ ಹುಡುಗ ಗಾಣ ನೋಡಿದ್ದ, ಎಣ್ಣೆಯ ವಾಸನೆ ಚೆನ್ನಾಗಿದೆ ಅಂದಿದ್ದ, ದಿನಕ್ಕೆ ಎಷ್ಟು ಅರೆಯುತ್ತೆ ಅಂತ ಮಾತ್ರ ಕೇಳಿರಲಿಲ್ಲ.

ಅವರು ಕೊಟ್ಟ ದೊಡ್ಡ ಭರವಸೆ, ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿಯೇ ಮೊದಲು ಬರುತ್ತೆ ಅನ್ನೋದು. ಇದನ್ನು ನಿಧಾನವಾಗಿ ಓದಿ. ಮ್ಯಾಪಿನಲ್ಲಿ ಅಂಗಡಿ ಹಾಕೋದು ಉಚಿತ. ಮೊದಲು ಅದಕ್ಕೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್. ಯಾವ ಅಂಗಡಿ ಮೇಲೆ ಬರಬೇಕು ಅನ್ನೋದಕ್ಕೆ ಗೂಗಲ್ ತಾನೇ ಹೇಳಿರುವ ಸಂಗತಿ ಮೂರು: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತೆ, ಹುಡುಕಿದವರಿಂದ ಅಂಗಡಿ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರಿದೆ. ದುಡ್ಡು ಕೊಟ್ಟು ಈ ಸಾಲಿನಲ್ಲಿ ಮುಂದೆ ಹೋಗಲು ಆಗಲ್ಲ ಅಂತಲೂ ಅವರೇ ಬರೆದಿದ್ದಾರೆ. ದುಡ್ಡು ಕೊಟ್ಟ ಜಾಹೀರಾತು ಬೇರೆ, ಅದರ ಮೇಲೆ ಜಾಹೀರಾತು ಅಂತ ಗುರುತು ಇರುತ್ತದೆ. ಹುಳಿಮಾವಿನಲ್ಲಿ ಕೂತು ಹುಡುಕಿದವರಿಗೆ ಒಂದು ಪಟ್ಟಿ ಬಂದರೆ, ಬನ್ನೇರುಘಟ್ಟದಲ್ಲಿ ಕೂತವರಿಗೆ ಇನ್ನೊಂದು ಬರುತ್ತದೆ. ಹೀಗಿರುವಾಗ ಎಲ್ಲರಿಗೂ ನೀವೇ ನಂಬರ್ ಒನ್ ಅಂತ ಯಾರು ಹೇಳಿದರೂ ಅದು ಅವರ ಕೈಯಲ್ಲಿಲ್ಲದ ಮಾತು.

ಅಣ್ಣನ ಪ್ರೊಫೈಲ್ ತೆಗೆದು ನೋಡಿದೆವು. ಅಂಗಡಿಯ ಹೆಸರಿನ ಜೊತೆಗೆ "ಬೆಸ್ಟ್ ಕೋಲ್ಡ್ ಪ್ರೆಸ್ಡ್ ಆಯಿಲ್ ಇನ್ ಬೆಂಗಳೂರು" ಅಂತ ಬಾಲ ಸೇರಿಸಿದ್ದರು. ಬೋರ್ಡಿನಲ್ಲಿರುವ ಹೆಸರೇ ಇರಬೇಕು ಅನ್ನೋದು ಗೂಗಲ್ ನಿಯಮ, ಬಾಲ ಸೇರಿಸಿದರೆ ಪ್ರೊಫೈಲನ್ನೇ ತಡೆಹಿಡಿಯಬಹುದು. ವರ್ಗ ಅನ್ನುವ ಜಾಗದಲ್ಲಿ ಸೂಪರ್ ಮಾರ್ಕೆಟ್ ಅಂತಿತ್ತು. ಅಣ್ಣ ಮಧ್ಯಾಹ್ನ ಎರಡರಿಂದ ನಾಲ್ಕು ಊಟಕ್ಕೆ ಬಾಗಿಲು ಹಾಕುತ್ತಾರೆ, ಮ್ಯಾಪಿನಲ್ಲಿ ರಾತ್ರಿ ಹತ್ತರವರೆಗೂ ತೆರೆದೇ ಇತ್ತು. ಬಂದು ಬೀಗ ನೋಡಿ ಹೋದವರು ಎಷ್ಟೋ!

ಇನ್ನು ರಿವ್ಯೂಗಳು. ಒಂದೇ ವಾರದಲ್ಲಿ ಸುಮಾರು ನಲವತ್ತು, ಎಲ್ಲವೂ ಐದು ಸ್ಟಾರ್. ಒಂದರಲ್ಲಿ "ಇಲ್ಲಿನ ಸಿಬ್ಬಂದಿ ತುಂಬಾ ಸೌಜನ್ಯದವರು" ಅಂತಿತ್ತು. ಅಕ್ಕ ಅಣ್ಣನ ಕಡೆ ತಿರುಗಿ "ಯಾರ್ರೀ ಸಿಬ್ಬಂದಿ, ನೀವಾ ನಾನಾ?" ಅಂದರು. ಎಲ್ಲರೂ ನಕ್ಕೆವು. ಆದರೆ ನಗುವ ವಿಷಯವಲ್ಲ. ಕೊಳ್ಳದವರಿಂದ ಬರೆಸಿದ ರಿವ್ಯೂ ಗೊತ್ತಾದರೆ ಗೂಗಲ್ ಅಳಿಸುತ್ತದೆ, ಜೊತೆಗೆ ನಿಜವಾದ ಗಿರಾಕಿ ಬರೆದ ನಾಲ್ಕು ಮಾತನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಇಷ್ಟನ್ನೂ ಸರಿ ಮಾಡೋಣ ಅಂತ ಕೂತಾಗ ನಿಜವಾದ ತೊಡಕು ಸಿಕ್ಕಿತು. ಪ್ರೊಫೈಲ್ ಇದ್ದದ್ದು ಕಂಪನಿಯವರ ಮೇಲ್ ಐಡಿಯಲ್ಲಿ. ಇನ್‌ಸ್ಟಾಗ್ರಾಂ ಪೇಜೂ ಅವರದೇ ನಂಬರಿನಲ್ಲಿ. ಅಂಗಡಿ ಅಣ್ಣನದು, ಗಾಣ ಅಣ್ಣನದು, ಬಾಡಿಗೆ ಕಟ್ಟೋದು ಅಣ್ಣ. ಆದರೆ ಫೋನಿನೊಳಗಿನ ಅಂಗಡಿಯ ಕೀಲಿಕೈ ಇನ್ನೊಬ್ಬರ ಜೇಬಿನಲ್ಲಿ. ಒಪ್ಪಂದ ನಿಲ್ಲಿಸುತ್ತೇನೆ ಅಂದಾಗ ಬಂದ ಉತ್ತರ, "ಪೇಜ್ ನಮ್ಮದು ಸಾರ್, ಪೂರ್ತಿ ವರ್ಷದ ದುಡ್ಡು ಕಟ್ಟಿದ ಮೇಲೆ ನೋಡೋಣ."

8,000 ರೂಪಾಯಿಗಿಂತ ದೊಡ್ಡ ನಷ್ಟ ಇದೇ ಅಂತ ನಮಗೆ ಅನ್ನಿಸುತ್ತದೆ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ನಾಲ್ಕು ವರ್ಷದಿಂದ ಜನ ಗುರುತಿಟ್ಟುಕೊಂಡ ಜಾಗ, ಫೋನ್ ನಂಬರ್, ಗಿರಾಕಿಗಳು ಬರೆದ ಮಾತು ಬೇರೆಯವರ ಕೈಗೆ ಹೋದರೆ ಅವರು ಅಲ್ಲಿ ನಂಬರ್ ಬದಲಿಸಬಹುದು, ಅಂಗಡಿ ಮುಚ್ಚಿದೆ ಅಂತಲೂ ಹಾಕಬಹುದು.

ಇದಕ್ಕೆ ದಾರಿ ಇದೆ. ಮ್ಯಾಪಿನಲ್ಲಿ ನಿಮ್ಮ ಅಂಗಡಿಯನ್ನು ತೆರೆದು, ಇದು ನನ್ನದು ಅಂತ ಹೇಳುವ ಗುಂಡಿ ಒತ್ತಿ, ನಿಮ್ಮ ಮೇಲ್ ಐಡಿಯಿಂದ ಅಧಿಕಾರ ಕೇಳಬಹುದು. ಈಗ ಹಿಡಿದುಕೊಂಡವರಿಗೆ ಗೂಗಲ್ ಸಂದೇಶ ಕಳಿಸುತ್ತದೆ, ಉತ್ತರಿಸಲು ಕೆಲವು ದಿನ ಕೊಡುತ್ತದೆ. ಅವರು ಸುಮ್ಮನಿದ್ದರೆ ಬಹಳ ಸಲ ನೀವೇ ಅಂಗಡಿಯ ವಿಡಿಯೋ ತೆಗೆದು ಮಾಲೀಕರೆಂದು ತೋರಿಸಿಕೊಳ್ಳುವ ಅವಕಾಶ ಸಿಗುತ್ತದೆ. ಬೋರ್ಡು, ರಸ್ತೆ, ಒಳಗಿನ ಗಾಣ, ಬೀಗ ತೆಗೆಯುವ ಕೈ, ಎಲ್ಲಾ ಒಂದೇ ವಿಡಿಯೋದಲ್ಲಿ. ಅಣ್ಣ ಬೀಗ ತೆಗೆಯುವಾಗ ಕ್ಯಾಮೆರಾ ನೋಡಿ ನಕ್ಕು ಬಿಡುತ್ತಿದ್ದರು, ಮೂರನೇ ಸಲಕ್ಕೆ ಸರಿಯಾಯಿತು. ಪ್ರೊಫೈಲ್ ವಾಪಸ್ ಬಂತು.

ಇಂಥ ಜಗಳದಲ್ಲಿ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಬಹುದು. ವ್ಯಾಪಾರಕ್ಕಾಗಿ ಪಡೆದ ಸೇವೆ ಗ್ರಾಹಕ ಕಾನೂನಿಗೆ ಬರಲ್ಲ ಅಂತ ಕಂಪನಿಯವರು ಹೆದರಿಸುತ್ತಾರೆ. ಅದನ್ನು ಸುಳ್ಳು ಅಂತ ತಳ್ಳಿಹಾಕಲು ಆಗಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಾದರೆ ನೀವೂ ಗ್ರಾಹಕರೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ, ಆ ವಿನಾಯಿತಿಯಲ್ಲಿ ಸೇವೆಯ ಹೆಸರಿಲ್ಲ.

ಹಾಗಂತ ಈ ಕೆಲಸ ಮಾಡುವವರೆಲ್ಲ ಹೀಗೆಯೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದೇ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಅಕ್ಕ ಇದ್ದಾರೆ. ಅವರ ಇನ್‌ಸ್ಟಾಗ್ರಾಂ ನೋಡಿಕೊಳ್ಳೋದು ಡಿಗ್ರಿ ಓದುವ ಒಬ್ಬ ಹುಡುಗಿ, ತಿಂಗಳಿಗೆ 3,000 ರೂಪಾಯಿ. ಪಾಸ್‌ವರ್ಡ್ ಅಕ್ಕನ ಹತ್ತಿರ. ವರಮಹಾಲಕ್ಷ್ಮಿ ಹಬ್ಬಕ್ಕೆ ಆರು ವಾರ ಮೊದಲು ಆ ಹುಡುಗಿ ಆರಿ ವರ್ಕ್ ಮಾಡುವ ಕೈಯನ್ನೇ ವಿಡಿಯೋ ಮಾಡಿದಳು. ಐದು ಕಿಲೋಮೀಟರ್ ಗೆರೆ, ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು. ತಿಂಗಳ ಕೊನೆಗೆ ಅವಳು ಕೊಟ್ಟ ರಿಪೋರ್ಟ್ ಎರಡು ಸಾಲು: ಇಷ್ಟು ಜನ ಮೆಸೇಜ್ ಮಾಡಿದರು, ಅದರಲ್ಲಿ ಇಷ್ಟು ಜನ ಅಳತೆ ಬ್ಲೌಸ್ ತಂದುಕೊಟ್ಟರು.

ಅಲ್ಲೂ ಒಂದು ಪಜೀತಿ ಆಯಿತು. ಆರ್ಡರ್ ಜಾಸ್ತಿ ಬಂದು ಹೊಲಿಯುವ ಕೈ ಎರಡೇ ಉಳಿಯಿತು. ಹಬ್ಬದ ಮಾರನೇ ದಿನ ಬ್ಲೌಸ್ ಸಿಕ್ಕವರು ಒಂದು ಸ್ಟಾರ್ ಕೊಟ್ಟರು, ಅವರ ತಪ್ಪೇನಿದೆ. ಈಗ ಅಕ್ಕ ಹಬ್ಬಕ್ಕೆ ಹತ್ತು ದಿನ ಇರುವಾಗಲೇ ಜಾಹೀರಾತು ನಿಲ್ಲಿಸಿಸುತ್ತಾರೆ. ಬರುವ ಗಿರಾಕಿಯನ್ನು ತಡೆಯೋದೂ ಮಾರ್ಕೆಟಿಂಗೇ ಅನ್ನೋದು ನಮ್ಮ ಪಾಠದಲ್ಲಿ ಇರಲಿಲ್ಲ.

ಹಳ್ಳಿಯಿಂದ ಮಾರುವವರಿಗೆ ಲೆಕ್ಕ ಇನ್ನೊಂದು ಥರ. ಅಲ್ಲಿ ಐದು ಕಿಲೋಮೀಟರಿನ ಗೆರೆ ಹಾಕಿದರೆ ಸಿಗೋದು ನಿಮ್ಮಂಥ ಬೆಳೆಗಾರರೇ. ಪೇಟೆಯವರಿಗೆ ಮಾರಬೇಕು, ಅಂದರೆ ಜಾಹೀರಾತಿಗಿಂತ ಮೊದಲು ಸಾಗಾಟ. 2020ರ ಲಾಕ್‌ಡೌನ್ ಬೇಸಿಗೆಯಲ್ಲಿ ರಾಜ್ಯದ ಮಾವು ನಿಗಮದ ವೆಬ್‌ಸೈಟಿನಲ್ಲಿ ಬುಕ್ ಮಾಡಿದವರ ಮನೆಗೆ ರೈತರ ಮಾವಿನ ಪೆಟ್ಟಿಗೆ ತಲುಪಿಸಿದ್ದು ಅಂಚೆ ಇಲಾಖೆ. ಹಣ್ಣು ಕೊಳೆಯುವ ಮೊದಲು ಬಾಗಿಲಿಗೆ ಬರುತ್ತೆ ಅನ್ನೋ ನಂಬಿಕೆ ಇತ್ತು, ಜನ ಕೊಂಡರು. ಬೆಲ್ಲವೋ ಹಪ್ಪಳವೋ ನಿಮ್ಮದಾದರೆ, ಒಂದು ಕಿಲೋ ಕಳಿಸಲು ಪೋಸ್ಟಾಫೀಸಿನಲ್ಲಿ ಎಷ್ಟಾಗುತ್ತೆ ಅಂತ ಮೊದಲು ಕೇಳಿಬನ್ನಿ. ಸಂಘದವರಾದರೆ ಇನ್ನೊಂದು ಮಾತು: ಕೇಂದ್ರದ ಪಿಎಂಎಫ್‌ಎಂಇ ಅನ್ನುವ ಕಿರು ಆಹಾರ ಉದ್ಯಮಗಳ ಯೋಜನೆ 2020ರಲ್ಲಿ ಶುರುವಾದದ್ದು. ಅದರಲ್ಲಿ ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿಗಳಿಗೆ ಬ್ರ್ಯಾಂಡಿಂಗ್ ಮತ್ತು ಮಾರಾಟದ ಖರ್ಚಿನ ಶೇ 50ರವರೆಗೆ ನೆರವು ಇಟ್ಟಿದ್ದಾರೆ. ನಮ್ಮ ರಾಜ್ಯದಲ್ಲಿ ಅದನ್ನು ನೋಡಿಕೊಳ್ಳೋದು ಕೆಪೆಕ್. ಯಾರಿಗೋ ವರ್ಷದ ದುಡ್ಡು ಮುಂಗಡ ಕಟ್ಟುವ ಮೊದಲು ಕೃಷಿ ಇಲಾಖೆಯಲ್ಲಿ ಈಗ ಅದರ ಸ್ಥಿತಿ ಏನು ಅಂತ ವಿಚಾರಿಸಿ.

ಗಾಣದ ಅಂಗಡಿಗೆ ವಾಪಸ್ ಬಂದರೆ, ಪ್ರೊಫೈಲ್ ಸರಿಯಾದ ಮೇಲೆ ನಾವು ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟೆವು. ಹೊಸ ಗಿರಾಕಿ ಬಂದರೆ ಅಕ್ಕ ಒಂದೇ ಪ್ರಶ್ನೆ ಕೇಳೋದು, "ಹೇಗೆ ಗೊತ್ತಾಯ್ತು ನಮ್ಮ ಅಂಗಡಿ?" ನಾಲ್ಕು ವಾರದಲ್ಲಿ ಹೊಸಬರು 61 ಜನ. ದಾರಿಯಲ್ಲಿ ಹೋಗುವಾಗ ಬೋರ್ಡು ನೋಡಿ, ವಾಸನೆ ಹಿಡಿದು ಬಂದವರು 23. ಪಕ್ಕದ ಮನೆಯವರು ಹೇಳಿದ್ದಕ್ಕೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ನೋಡಿದ್ದಕ್ಕೋ ಬಂದವರು 19. ಮ್ಯಾಪಿನಿಂದ 14. ಇನ್‌ಸ್ಟಾಗ್ರಾಂನಿಂದ 3. ಇಬ್ಬರಿಗೆ ನೆನಪಿಲ್ಲ.

ಬೋರ್ಡಿನ 23 ನೋಡಿ ಅಣ್ಣ ಮಾಸಿದ ಬೋರ್ಡಿಗೆ ಬಣ್ಣ ಹೊಡೆಸಿದರು. 2024ರ ತಿದ್ದುಪಡಿಯಂತೆ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು, ಅಣ್ಣನದು ಮೊದಲಿನಿಂದಲೂ ಅಷ್ಟಿತ್ತು. ಮ್ಯಾಪಿನಲ್ಲಿ ಮಾತ್ರ ಹೆಸರು ಬರೀ ಇಂಗ್ಲಿಷಿನಲ್ಲಿತ್ತು, ಈಗ ಬೋರ್ಡಿನಲ್ಲಿ ಇರುವ ಹಾಗೇ ಎರಡರಲ್ಲೂ ಇದೆ. ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡಿದ್ದಾರೆ, ಅದಕ್ಕೆ ದುಡ್ಡಿಲ್ಲ. ಎಣ್ಣೆಗಳ ಫೋಟೋ, ಬೆಲೆ ಅದರಲ್ಲೇ. ಕಡಲೆಕಾಯಿ ರೇಟ್ ಏರಿದಾಗ ಬದಲಿಸುವವರು ಅಕ್ಕ. ತಿಂಗಳಿಗೊಂದು ಭಾನುವಾರ ಒಂದು ಅಪಾರ್ಟ್‌ಮೆಂಟಿನ ಒಳಗೆ ಮೇಜು ಹಾಕುತ್ತಾರೆ. ಹೋದ ಸಲ ಮಧ್ಯಾಹ್ನದೊಳಗೆ ಕೊಬ್ಬರಿ ಎಣ್ಣೆ ಖಾಲಿ.

ಹಳೇ ಇನ್‌ಸ್ಟಾಗ್ರಾಂ ಪೇಜ್ ಮಾತ್ರ ಇನ್ನೂ ಸಿಕ್ಕಿಲ್ಲ. ಅದರಲ್ಲಿ ಅಣ್ಣನ ಅಂಗಡಿಯ ಫೋಟೋ ಹಾಗೇ ಇದೆ, ಕೆಳಗೆ ಯಾರದೋ ನಂಬರ್. ಅಣ್ಣ ತಮ್ಮ ನಂಬರಿನಲ್ಲೇ ಹೊಸದು ತೆರೆದಿದ್ದಾರೆ. ಫಾಲೋ ಮಾಡುವವರು 212 ಜನ, ಅರ್ಧಕ್ಕರ್ಧ ಕನಕಪುರದ ನೆಂಟರು.