ಬೀಗದಕೈ ಗೊಂಚಲು

ಅತ್ತೆಯ ಸೊಂಟದ ಬೀಗದಕೈ ಗೊಂಚಲು ಸೊಸೆಯ ಸೊಂಟಕ್ಕೆ ಬರಲು ಒಂದು ಕಾಲದಲ್ಲಿ ಇಪ್ಪತ್ತು ವರ್ಷವಾದರೂ ಬೇಕಾಗುತ್ತಿತ್ತು. ಈಗ ಬೀಗಗಳೇ ಬೇರೆ. ಬ್ಯಾಂಕಿಗೊಂದು, ಗ್ಯಾಸಿಗೊಂದು, ಕರೆಂಟ್ ಬಿಲ್ಲಿಗೊಂದು, ರೈಲು ಟಿಕೆಟ್ಟಿಗೊಂದು ಪಾಸ್‌ವರ್ಡ್. ನನ್ನವನ್ನು ಎಣಿಸಿದರೆ 38! ಸಾಸಿವೆ ಡಬ್ಬಿಯಲ್ಲಿ ಮಡಚಿಟ್ಟ ಚೀಟಿಗೆ ಹಿಡಿಸುವ ಲೆಕ್ಕವಲ್ಲ. ಎಲ್ಲದಕ್ಕೂ ಮಗುವಿನ ಹೆಸರು, ಹುಟ್ಟಿದ ವರ್ಷ ಹಾಕುವವರು ನಮ್ಮಲ್ಲಿ ಬಹಳ. ಒಂದು ಕಡೆಯ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿತೋ, ಅದೇ ಕೀಲಿಯನ್ನು ಉಳಿದ ಬಾಗಿಲುಗಳಿಗೂ ತಿರುಗಿಸಿ ನೋಡುತ್ತಾರೆ.

ಅದಕ್ಕೇ ಮಗಳು ನನ್ನ ಫೋನಿಗೆ ಬಿಟ್‌ವಾರ್ಡನ್ ಹಾಕಿಕೊಟ್ಟಳು. 2016ರಲ್ಲಿ ಬಂದ ಸಾಫ್ಟ್‌ವೇರ್. ಪ್ರತಿ ಬಾಗಿಲಿಗೂ ತಲೆಬುಡವಿಲ್ಲದ ಉದ್ದನೆಯ ಪಾಸ್‌ವರ್ಡನ್ನು ತಾನೇ ಹೆಣೆದು, ಗೂಢಲಿಪಿಯಲ್ಲಿ ಬಚ್ಚಿಟ್ಟು, ಬೇಕಾದಾಗ ತುಂಬುತ್ತದೆ. ನಾನು ನೆನಪಿಡಬೇಕಾದ್ದು ಮಾಸ್ಟರ್ ಪಾಸ್‌ವರ್ಡ್ ಒಂದನ್ನೇ. ಅದು ಕಂಪನಿಗೂ ತಿಳಿಯದು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಕಂಪನಿಯಿಂದ ಗ್ರಾಹಕರ ತಿಜೋರಿಗಳ ನಕಲನ್ನೇ ಕಳ್ಳರು ಹೊತ್ತೊಯ್ದರು. ಆಗ ಕಾಯಬೇಕಾದ್ದು ಆ ಒಂದು ಪಾಸ್‌ವರ್ಡಿನ ಗಟ್ಟಿತನವೇ. ನಾನು ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಪೋಣಿಸಿಕೊಂಡಿದ್ದೇನೆ. ಯಾವುವೆಂದು ಕೇಳಬೇಡಿ.

ಒಂದು ಮಧ್ಯಾಹ್ನ ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಬಂತು. ಕೆವೈಸಿ ಆಗಿಲ್ಲ, ಸಂಜೆಯೊಳಗೆ ಖಾತೆ ನಿಲ್ಲುತ್ತದೆ ಎಂದು. ಒತ್ತಿದರೆ ಅದೇ ಬಣ್ಣ, ಅದೇ ಲಾಂಛನ. ಅಮ್ಮನ ಆಪರೇಷನ್ನಿಗೆಂದು ಕೂಡಿಟ್ಟ ಹಣವಿದ್ದ ಖಾತೆ, ಎದೆ ಡವಡವ. ಆದರೆ ದಿನವೂ ತಾನಾಗಿ ತುಂಬುತ್ತಿದ್ದ ಸಾಫ್ಟ್‌ವೇರ್ ಬಾಯಿಯೇ ಬಿಡಲಿಲ್ಲ. ವಿಳಾಸ ನೋಡಿದೆ: ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚು! ನಾವು ಜರತಾರಿ ಸೀರೆ ಕಂಡರೆ ನೆಂಟರೆಂದು ಆರತಿ ಎತ್ತುವ ಜನ. ಅದಕ್ಕೆ ಸೀರೆ ಕಾಣುವುದಿಲ್ಲ, ವಿಳಾಸವೊಂದೇ ಕಾಣುತ್ತದೆ. ತಾಳೆಯಾಗದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ನನ್ನ ಮಟ್ಟಿಗೆ ಮರೆವಿಗೆ ಮದ್ದು ಎನ್ನುವುದಕ್ಕಿಂತ ಇದೇ ಅದರ ದೊಡ್ಡ ಗುಣ.

ಇದನ್ನು ಕೇಳಿದ ಮೇಲೆ ಯಜಮಾನರು, "ಆ ಒಂದು ಪಾಸ್‌ವರ್ಡ್ ನನಗೂ ಹೇಳಿಬಿಡೇ" ಎಂದರು.

ಹೇಳಲು ಮನಸ್ಸಾಗಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನದೆಂದು ಬೀಗ ಹಾಕಿಕೊಂಡದ್ದು ಇದೊಂದೇ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಪರಿಚಯದವರೊಬ್ಬರು ಗಂಡ ತೀರಿಕೊಂಡ ಮೇಲೆ ಎಲ್ಲೆಲ್ಲಿ ಏನಿದೆಯೆಂದು ತಿಳಿಯದೆ ತಿಂಗಳುಗಟ್ಟಲೆ ಅಲೆದದ್ದನ್ನು ಇಬ್ಬರೂ ಕಂಡಿದ್ದೆವು. ಇದಕ್ಕೂ ಒಂದು ದಾರಿಯಿದೆ, ವರ್ಷಕ್ಕಿಷ್ಟೆಂದು ಹಣ ಕಟ್ಟಬೇಕು ಅಷ್ಟೆ. ನಂಬಿಕೆಯ ಒಬ್ಬರ ಹೆಸರು ಕೊಟ್ಟಿರುವುದು. ಅವರು ತೆರೆಯಿರೆಂದು ಕೇಳಿಕೊಂಡಾಗ, ನಾವು ಗೊತ್ತುಮಾಡಿದಷ್ಟು ದಿನದೊಳಗೆ ಬೇಡವೆನ್ನದಿದ್ದರೆ ತಿಜೋರಿ ತೆರೆಯುತ್ತದೆ. ನಾನು ಅವರ ಹೆಸರನ್ನೇ ಕೊಟ್ಟು 7 ದಿನ ಎಂದಿಟ್ಟೆ.

"ಕಟ್ಟಿಕೊಂಡ ಗಂಡ ವಾರ ಕಾಯಬೇಕೋ?" ಎಂದು ಮುಖ ಊದಿಸಿಕೊಂಡರು.

"ನಿಮ್ಮವು ನನಗೆ ಗೊತ್ತೇನು?" ಎಂದೆ.

ಮುಂದಿನ ಭಾನುವಾರ ಅವರ ಡೈರಿಯ ಹಿಂದಿನ ಪುಟದಲ್ಲಿದ್ದವನ್ನೆಲ್ಲ ಮಗಳು ಸೇರಿಸಿಕೊಟ್ಟಳು. ಅವರು ಕೊಟ್ಟದ್ದೂ ನನ್ನ ಹೆಸರನ್ನೇ. ಕಾಯುವ ದಿನ ಮಾತ್ರ 14.