ಈ ಹುಡುಗಿ ಬೇರೆ ಕಣೇ

ಬ್ಯಾಕ್ ಟು ದ ಫ್ಯೂಚರ್‌ನ ಎರಡನೇ ಭಾಗ ಶುರುವಾಗೋದು ಮೊದಲನೆಯದು ಮುಗಿದ ದೃಶ್ಯದಿಂದಲೇ. ಅದೇ ಮನೆ, ಅದೇ ಬೆಳಗ್ಗೆ, ಅದೇ ಮಾರ್ಟಿ. ಅವನ ಪಕ್ಕ ನಿಂತಿರೋ ಜೆನಿಫರ್ ಮಾತ್ರ ಬೇರೆ. 1985ರ ಚಿತ್ರದಲ್ಲಿ ಕ್ಲೌಡಿಯಾ ವೆಲ್ಸ್, 1989ರದ್ದರಲ್ಲಿ ಎಲಿಜಬೆತ್ ಶೂ. ಹಳೇ ದೃಶ್ಯವನ್ನ ಹೊಸ ನಟಿಯನ್ನಿಟ್ಟು ಮತ್ತೆ ಶೂಟ್ ಮಾಡಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಕಥೆ ಮುಂದಕ್ಕೆ ಹೋಗತ್ತೆ.

ನಾನು ಇದನ್ನ ನೋಡಿದ್ದು ಅಮ್ಮನ ಜೊತೆ, ಡೇ ಕೇರ್ ವಾರ್ಡಿನಲ್ಲಿ, ಫೋನಿನ ಪುಟ್ಟ ಪರದೆ ಮೇಲೆ. ಕೀಮೋ ಡ್ರಿಪ್ ಮುಗಿಯೋಕೆ ನಾಲ್ಕೈದು ಗಂಟೆ ಬೇಕಾಗ್ತಿತ್ತು. ಒಂದು ಇಯರ್‌ಫೋನ್ ಅವಳ ಕಿವೀಲಿ, ಇನ್ನೊಂದು ನನ್ನ ಕಿವೀಲಿ. ಹಿಂದಿನ ಸಲ ಬಂದಾಗ ಮೊದಲ ಭಾಗ ಮುಗಿಸಿದ್ವಿ. ಅಮ್ಮನಿಗೆ ಇಂಗ್ಲಿಷ್ ಅರ್ಧ ಅರ್ಥವಾದರೆ ಹೆಚ್ಚು, ಆದರೆ ಮುಖಗಳ ವಿಷಯದಲ್ಲಿ ಅವಳನ್ನ ಮೋಸ ಮಾಡೋಕಾಗಲ್ಲ.

"ಈ ಹುಡುಗಿ ಬೇರೆ ಕಣೇ."

ಯಾಕೆ ಬೇರೆ ಅಂತ ಅಲ್ಲೇ ಗೂಗಲ್ ಮಾಡಿದೆ. ಕ್ಲೌಡಿಯಾಳ ತಾಯಿಗೆ ಕ್ಯಾನ್ಸರ್. ತಾಯಿ ಜೊತೆ ಇರೋದಕ್ಕೆ ಅಂತ ಅವಳು ಸಿನಿಮಾ ಬಿಟ್ಟಳು. ಫೋನನ್ನ ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡು, "ಡೇಟ್ಸ್ ಹೊಂದಲಿಲ್ವಂತೆ ಅಮ್ಮ" ಅಂದೆ.

"ಲಕ್ಷ್ಮೀ ಬಾರಮ್ಮದಲ್ಲಿ ಚಂದು ಬದಲಾಗ್ಲಿಲ್ವಾ, ಹಂಗೇ. ಎರಡು ದಿನ ಒಂಥರಾ ಇರತ್ತೆ, ಆಮೇಲೆ ಅವನೇ ಚಂದು" ಅಂತ ಅಮ್ಮ ದಿಂಬಿಗೆ ಒರಗಿದಳು. ಚಂದನ್ ಕುಮಾರ್ ಹೋಗಿ ಶೈನ್ ಶೆಟ್ಟಿ ಬಂದಾಗ ನಮ್ಮ ಬಸವೇಶ್ವರನಗರದ ಮನೇಲಿ ಎರಡು ದಿನ ಮಾತ್ರ ಅಲ್ಲ, ಎರಡು ವಾರ ಗೊಣಗಾಟ ಇತ್ತು. ಇರಲಿ.

ಆಮೇಲೆ ನಾನು ಈ ಜೆನಿಫರ್ ಪುರಾಣವನ್ನ ಕೂತು ಓದಿದೆ. ಮೊದಲು ಆಯ್ಕೆಯಾಗಿದ್ದವಳು ಕ್ಲೌಡಿಯಾನೇ. ಟೀವಿ ಶೋ ಒಂದಕ್ಕೆ ಕಟ್ಟುಬಿದ್ದು ಆಗಲೂ ಬಿಡಬೇಕಾಯ್ತು. ಜಾಗಕ್ಕೆ ಬಂದವಳು ಮೆಲೋರಾ ಹಾರ್ಡಿನ್, 'ದಿ ಆಫೀಸ್' ನೋಡಿದವರಿಗೆ ಜ್ಯಾನ್ ಅಂದರೆ ತಕ್ಷಣ ಗೊತ್ತಾಗತ್ತೆ. ಆಗ ಮಾರ್ಟಿಯಾಗಿದ್ದವನು ಎರಿಕ್ ಸ್ಟೋಲ್ಟ್ಜ್. ಹಲವು ವಾರ ಶೂಟಿಂಗ್ ಆದಮೇಲೆ ಅವನನ್ನ ತೆಗೆದು ಮೈಕೆಲ್ ಜೆ. ಫಾಕ್ಸ್‌ನ ತಂದರು. ಫಾಕ್ಸ್ ಕುಳ್ಳ, ಮೆಲೋರಾ ಎತ್ತರ. ಅಷ್ಟಕ್ಕೇ ಅವಳೂ ಔಟ್. ಅಷ್ಟರಲ್ಲಿ ಬಿಡುವಾಗಿದ್ದ ಕ್ಲೌಡಿಯಾ ವಾಪಸ್ ಬಂದಳು. ಅಂದರೆ ನಾವು 'ಒರಿಜಿನಲ್' ಅಂತ ಹಟ ಹಿಡಿಯೋ ಜೆನಿಫರ್ ಕೂಡ ಇನ್ನೊಬ್ಬಳ ಜಾಗಕ್ಕೆ ಬಂದವಳೇ.

ಅದೇ ಚಿತ್ರದಲ್ಲಿ ಮಾರ್ಟಿಯ ಅಪ್ಪ ಜಾರ್ಜ್‌ನದು ಇನ್ನೊಂದು ಕಥೆ. ಕ್ರಿಸ್ಪಿನ್ ಗ್ಲೋವರ್ ಎರಡನೇ ಭಾಗಕ್ಕೆ ಬರಲಿಲ್ಲ. ಜೆಫ್ರಿ ವೈಸ್‌ಮನ್ ಅನ್ನೋ ನಟನಿಗೆ ಗ್ಲೋವರ್‌ನ ಹೋಲಿಕೆ ಬರೋ ಹಾಗೆ ಮುಖಕ್ಕೆ ಮೇಕಪ್ ಮೆತ್ತಿ, ಒಂದು ದೃಶ್ಯದಲ್ಲಿ ತಲೆಕೆಳಗಾಗಿ ನೇತುಹಾಕಿ, ಮಧ್ಯೆ ಮಧ್ಯೆ ಹಳೇ ತುಣುಕುಗಳನ್ನೂ ಸೇರಿಸಿದರು. ಗ್ಲೋವರ್ ಕೋರ್ಟಿಗೆ ಹೋದ, ಕೊನೆಗೆ ರಾಜಿಯಾಯ್ತು. ಹೊಸ ಮುಖ ತನ್ನದೇ ಮುಖ ಹೊತ್ತು ಬಂದರೆ ನನಗೇನೂ ಬೇಜಾರಿಲ್ಲ. ಹಳಬನ ಮುಖವನ್ನೇ ಕದ್ದು ಹೊಸಬನಿಗೆ ಅಂಟಿಸೋದು ಮಾತ್ರ ಇಬ್ಬರಿಗೂ ಮಾಡೋ ಅವಮಾನ. ಐರನ್ ಮ್ಯಾನ್‌ನವರು ವಾಸಿ. 2008ರಲ್ಲಿ ರೋಡಿ ಆಗಿದ್ದ ಟೆರೆನ್ಸ್ ಹೋವರ್ಡ್ ಬದಲು 2010ರಲ್ಲಿ ಡಾನ್ ಚೀಡಲ್ ಬಾಗಿಲಲ್ಲಿ ಕಾಣಿಸಿಕೊಂಡು, ಬಂದಿರೋನು ನಾನೇ, ಒಪ್ಪಿಕೊಂಡು ಮುಂದಕ್ಕೆ ಹೋಗಿ ಅನ್ನೋ ಅರ್ಥದ ಮಾತಾಡಿ ಮುಗಿಸಿಬಿಟ್ಟ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕೆಜಿಎಫ್. ಸೈನ್ಸ್ ಫಿಕ್ಷನ್ ಅಲ್ಲ, ನಿಜ. 2018ರ ಮೊದಲ ಭಾಗದಲ್ಲಿ ಕಥೆ ಹೇಳೋ ಆನಂದ್ ಇಂಗಳಗಿ ಅನಂತನಾಗ್. 2022ರ ಏಪ್ರಿಲ್‌ನಲ್ಲಿ ಓರಾಯನ್ ಮಾಲ್‌ನಲ್ಲಿ ಕೂತು ನೋಡಿದರೆ ಕಥೆ ಹೇಳ್ತಿರೋದು ಪ್ರಕಾಶ್ ರಾಜ್. ಆದರೆ ಅವರು ಆನಂದ್ ಇಂಗಳಗಿ ಅಲ್ಲ, ಅವರ ಮಗ ವಿಜಯೇಂದ್ರ. ಅಪ್ಪನಿಗೆ ಹುಷಾರಿಲ್ಲ, ಮಿಕ್ಕ ಕಥೆ ಮಗ ಹೇಳ್ತಾನೆ. ನಟನನ್ನ ಬದಲಾಯಿಸಿದ್ದಕ್ಕೆ ಒಂದು ಸಂಸಾರವನ್ನೇ ಕಟ್ಟಿದ್ದಾರೆ! ನನ್ನ ಪಕ್ಕ ಕೂತಿದ್ದವನು "ಅನಂತನಾಗ್ ಎಲ್ಲಿ ಗುರೂ" ಅಂತ ಇಂಟರ್ವಲ್‌ವರೆಗೂ ಬಿಡಲಿಲ್ಲ.

ಯಕ್ಷಗಾನದಲ್ಲಿ ಈ ತಾಪತ್ರಯವೇ ಇಲ್ಲ. ಅಪ್ಪನ ಊರು ಕುಂದಾಪುರದ ಕಡೆ. ಇಡೀ ರಾತ್ರಿಯ ಪ್ರಸಂಗದಲ್ಲಿ ಒಂದೇ ಪಾತ್ರವನ್ನ ಮುಂಚೆ ಒಬ್ಬರು, ಆಮೇಲೆ ಇನ್ನೊಬ್ಬರು ಮಾಡೋದು ಅಲ್ಲಿ ಮಾಮೂಲು. ಕಿರೀಟ, ಬಣ್ಣ, ಹೆಜ್ಜೆ ಸರಿಯಿದ್ದರೆ ಕೃಷ್ಣ ಕೃಷ್ಣನೇ. ಚಾ ಕುಡಿದು ಬಂದು ಕೂತವರು ಮುಂದಿನ ಪದ ಕೇಳ್ತಾರೆ.

ನಾಲ್ಕು ತಿಂಗಳು ರಜೆ ಮುಗಿಸಿ ನಾನು ಆಫೀಸಿಗೆ ಲಾಗಿನ್ ಆದಾಗ ನನ್ನ ಪ್ರಾಜೆಕ್ಟಿನಲ್ಲಿ ಬೇರೆಯವನಿದ್ದ. ಒಳ್ಳೆ ಹುಡುಗ, ಕೆಂಗೇರಿಯವನು, ಕೆಲಸ ಚೆನ್ನಾಗಿ ಮಾಡ್ತಾನೆ. ನಾನು ಬರೆದ ಸ್ಲೈಡುಗಳನ್ನ ನನ್ನ ಕ್ರಮದಲ್ಲೇ ಓದ್ತಿದ್ದ, ನಾನು ಹಾಕಿಟ್ಟಿದ್ದ ಪುಟ್ಟ ಜೋಕಿನ ಸಮೇತ. ಕ್ಲೈಂಟ್ ನಕ್ಕರು. ಮ್ಯಾನೇಜರ್ "ಟ್ರಾನ್ಸಿಶನ್ ಎಷ್ಟು ಸ್ಮೂತ್ ಆಯ್ತು ನೋಡು, ಯಾರಿಗೂ ಗೊತ್ತೇ ಆಗ್ಲಿಲ್ಲ" ಅಂತ ನನಗೇ ಹೇಳಿದರು. ಸಮಾಧಾನ ಮಾಡೋ ದನಿಯಲ್ಲೇ ಹೇಳಿದ್ದು. ಆ ವಾಕ್ಯ ಹಲವು ದಿನ ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತ್ತು. ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಎಲಿಜಬೆತ್ ಶೂ ಮೇಲೆ ಸಿಟ್ಟು ಮಾಡ್ಕೊಂಡು ಏನು ಮಾಡೋದು? ಪಾಪ, ಆ ಸಿನಿಮಾದಲ್ಲಿ ಅವಳನ್ನ ಬಹುಪಾಲು ನಿದ್ದೆ ಮಾಡಿಸಿಯೇ ಇಟ್ಟಿದ್ದಾರೆ.

ಕ್ಲೌಡಿಯಾ ಮುಂದೆ ಗಂಡಸರ ಬಟ್ಟೆ ಅಂಗಡಿ ಇಟ್ಟಳು. 2011ರ ಹೊತ್ತಿಗೆ ಇದೇ ಸಿನಿಮಾ ಮೇಲೆ ವಿಡಿಯೋ ಗೇಮ್ ಬಂದಾಗ ಜೆನಿಫರ್‌ಗೆ ದನಿ ಕೊಡೋಕೆ ಅವಳನ್ನೇ ಕರೆದರು. ಇದನ್ನ ಮಾತ್ರ ಅಮ್ಮನಿಗೆ ಹೇಳಿದೆ.

ಕೀಮೋ ಮುಗಿದ ಮೇಲೆ ಮೊದಲ ಸಲ ಇಬ್ಬರೂ ಪವಿತ್ರ ಪ್ಯಾರಡೈಸ್ ಹತ್ತಿರ ಹೂವು ತರೋಕೆ ಹೋದ್ವಿ. ಅಮ್ಮನ ತಲೆಗೆ ಸ್ಕಾರ್ಫ್, ಹುಬ್ಬಿಲ್ಲ, ಹದಿಮೂರು ಕೆಜಿ ಇಳಿದಿದ್ದಳು. ವರ್ಷಾನುಗಟ್ಟಲೆ ಅವಳಿಗೆ ಹೂವು ಅಳೆದು ಕೊಟ್ಟಿರೋ ಹೂವಿನಕ್ಕ ನನ್ನ ಮುಖ ನೋಡಿ, "ಅಮ್ಮ ಬರ್ಲಿಲ್ವಾ? ತುಂಬಾ ದಿನ ಆಯ್ತು, ಹುಷಾರಾಗಿದ್ದಾರಾ?" ಅಂದರು.

ನಾನು ಬಾಯಿ ತೆಗೆಯೋಷ್ಟರಲ್ಲಿ ಅಮ್ಮನೇ ಅಂದಳು: "ಹುಷಾರಾಗಿದ್ದಾಳೆ. ನಾನು ಅವಳ ತಂಗಿ. ಒಂದು ಮೊಳ ಜಾಸ್ತಿ ಹಾಕಮ್ಮ, ಅಕ್ಕನಿಗೆ ಕೊಡ್ತೀನಿ."