ತಾಳಿಗುಂಡಿನ ಸದ್ದು

ಮದುವೆಯಾದ ಮೇಲೆ ನಾನು ನಮ್ಮವರಿಗೆ ಬಿಚ್ಚಿಕೊಟ್ಟ ಒಡವೆಗಳಲ್ಲಿ ಹಿಂದಕ್ಕೆ ಬಂದದ್ದು ಒಂದೇ ಒಂದು. ಅದು ನನ್ನ ತಾಳಿಗುಂಡು. ಅದೂ ಹದಿನೇಳು ದಿನ ಮಣ್ಣಿನೊಳಗಿದ್ದು ಬಂತು. ಆ ಹದಿನೇಳು ದಿನದ ಕತೆಯನ್ನೇ ಇವತ್ತು ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನಡೆದದ್ದು 2019ರ ಜೂನ್‌ನಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಂಡಿಗೋ ಎಂಬ ಊರಿನಲ್ಲಿ. ಮಗನಿಗೆ ಅಲ್ಲಿ ಕೆಲಸ. ಸೊಸೆಯ ಎರಡನೇ ಬಾಣಂತನಕ್ಕೆ ಅಂತ ನಾವಿಬ್ಬರೂ ಹೋಗಿದ್ದೆವು. ನನಗೇನೋ ಕೈತುಂಬ ಕೆಲಸ. ಬಾಣಂತಿಗೆ ಮೆಣಸಿನ ಸಾರು, ಕೂಸಿಗೆ ಎಣ್ಣೆನೀರು, ದೊಡ್ಡ ಮೊಮ್ಮಗನ ಹಟ. ಇವರಿಗೆ ಮಾತ್ರ ಮಾಡಲು ಏನೂ ಇಲ್ಲ. ಅಲ್ಲಿ ಅದು ಚಳಿಗಾಲ ಬೇರೆ. ಕಿಟಕಿ ಮುಂದೆ ಕೂತು ಮಳೆ ನೋಡುವುದು, ಏಳುವುದು, ಮತ್ತೆ ಕೂರುವುದು.

ಇವರು ಕೋಲಾರದ ಚಿನ್ನದ ಗಣಿಯಲ್ಲಿ ವಿದ್ಯುತ್ ವಿಭಾಗದಲ್ಲಿದ್ದವರು. ನಮ್ಮಪ್ಪನೂ ಅದೇ ಗಣಿಯವರೇ, ಚಾಂಪಿಯನ್ ರೀಫ್‌ನಲ್ಲಿ. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನ್ನ ನಾಲ್ಕು ಬಳೆ ಮಾರಿ ಇವರು ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟರು. ಅಂಗಡಿ ನಡೆಯಿತು, ಮಗ ಓದಿದ. ಬಳೆಯ ಮಾತು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ನಾನೂ ಎತ್ತಿರಲಿಲ್ಲ, ಈ ಜೂನ್‌ವರೆಗೆ.

ಬೆಂಡಿಗೋನೂ ಚಿನ್ನದ ಊರೇ. 1851ರಿಂದ ಅಲ್ಲಿ ಚಿನ್ನ ತೆಗೆದಿದ್ದಾರೆ. ಸೆಂಟ್ರಲ್ ಡೆಬೊರಾ ಅಂತ ಒಂದು ಹಳೇ ಗಣಿ ಇದೆ. 1954ರಲ್ಲಿ ಮುಚ್ಚಿದ್ದು. ನಾವು ಹೋದಾಗ ಟಿಕೆಟ್ ಕೊಟ್ಟರೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಮಗ ನಮ್ಮನ್ನು ಕರೆದೊಯ್ದ. ಇವರು ಇಳಿದರು, ನೋಡಿದರು, ಮೇಲೆ ಬಂದರು. ಒಂದು ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ನಮ್ಮದನ್ನೂ ಹೀಗೆ ಇಟ್ಟುಕೊಳ್ಳಬಹುದಿತ್ತು" ಅಂದರು, ಅಷ್ಟೆ.

ಆದರೆ ನಮ್ಮ ಚಿನ್ನಕ್ಕೂ ಅಲ್ಲಿಯ ಚಿನ್ನಕ್ಕೂ ಒಂದು ವ್ಯತ್ಯಾಸ ಇದೆ ನೋಡಿ. ಕೋಲಾರದ್ದು ಬೆಣಚುಕಲ್ಲಿನೊಳಗೆ ಧೂಳಿನ ಹಾಗೆ ಸೇರಿಕೊಂಡ ಚಿನ್ನ. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೆಲವೇ ಗ್ರಾಂ ಬರುತ್ತಿತ್ತು. ವಿಕ್ಟೋರಿಯಾದಲ್ಲಿ ಅದರ ಜೊತೆಗೆ ಮಣ್ಣಲ್ಲೇ ಗಟ್ಟಿಗಳೂ ಸಿಗುತ್ತವೆ. 1869ರಲ್ಲಿ ಮೊಲಿಯಾಗಲ್ ಎಂಬಲ್ಲಿ ಒಂದು ಮರದ ಬೇರಿನ ಹತ್ತಿರ, ನೆಲದಿಂದ ಒಂದೆರಡು ಅಂಗುಲದಲ್ಲೇ, ಒಂದು ಗಟ್ಟಿ ಸಿಕ್ಕಿತಂತೆ. ಶುದ್ಧ ಮಾಡಿದ ಮೇಲೂ 72 ಕಿಲೋ! ತೂಗುವ ತಕ್ಕಡಿ ಇಲ್ಲದೆ ಒಡೆದು ತೂಗಿದರಂತೆ. 1980ರಲ್ಲಿ ಕಿಂಗೋವರ್ ಬಳಿ ಒಬ್ಬರಿಗೆ ಲೋಹಶೋಧಕ ಯಂತ್ರದಿಂದಲೇ 27 ಕಿಲೋದ ಗಟ್ಟಿ ಸಿಕ್ಕಿತು. ಈ ಕತೆಗಳನ್ನು ಮಗ ಹೇಳಿದ್ದೇ ತಡ, ಇವರ ಕಣ್ಣಲ್ಲಿ ಬೆಳಕು ಬಂತು. ಅಲ್ಲಿ ಸರ್ಕಾರಕ್ಕೆ ಸ್ವಲ್ಪ ಹಣ ಕಟ್ಟಿದರೆ ಹತ್ತು ವರ್ಷಕ್ಕೆ ಒಂದು ಪರವಾನಗಿ ಕೊಡುತ್ತಾರೆ. 'ಮೈನರ್ಸ್ ರೈಟ್' ಅಂತ ಅದರ ಹೆಸರು. ಬಿಟ್ಟ ಜಾಗಗಳಲ್ಲಿ ಯಾರು ಬೇಕಾದರೂ ಹುಡುಕಬಹುದು, ಅಗೆದ ಗುಂಡಿ ಮುಚ್ಚಬೇಕು. (ನಮ್ಮಲ್ಲಿ ಹಾಗೆ ಮಾಡಲು ಹೋಗಬೇಡಿ, ಮತ್ತೆ! ಖನಿಜ ಹುಡುಕಲು ಅನುಮತಿ ಬೇಕು. ಹೂತ ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕೆಂದು ಕಾಯಿದೆಯೇ ಇದೆ.)

ಒಳ್ಳೆಯ ಯಂತ್ರಕ್ಕೆ ಸಾವಿರಾರು ಡಾಲರ್. ಇವರು ಎಲ್ಲಿಂದಲೋ ಒಂದು ಅಗ್ಗದ್ದು, ಯಾರೋ ಬಳಸಿ ಬಿಟ್ಟದ್ದನ್ನು ತಂದರು. ಒಂದು ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ, ಮೇಲೆ ಬ್ಯಾಟರಿ ಡಬ್ಬಿ. 'ಪಲ್ಸ್ ಇಂಡಕ್ಷನ್' ಅನ್ನುವ ಜಾತಿಯಂತೆ. ನನ್ನ ಬಳೆ ತೋರಿಸಿದರೆ ಕೂಗಿಕೊಂಡಿತು. ಬಳೆಗಿಂತ ತೂಕದ ನನ್ನ ಸರ ತೋರಿಸಿದರೆ ಸುಮ್ಮನಿತ್ತು! "ಇದೇನ್ರೀ, ಇದಕ್ಕೆ ಕಣ್ಣು ಕಾಣಲ್ವೆ?" ಅಂದೆ. ಬಳೆ ಒಂದೇ ದುಂಡು, ಅದರೊಳಗೆ ವಿದ್ಯುತ್ತು ಸುತ್ತು ಹೊಡೆಯುತ್ತೆ. ಸರ ಅಂದರೆ ಸಾವಿರ ಸಣ್ಣ ಕೊಂಡಿ, ಒಂದೊಂದರಲ್ಲೂ ಚೂರೇ ಚೂರು ಸುತ್ತು, ಅಂತ ವಿವರಿಸಿದರು.

"ದೊಡ್ಡದಕ್ಕೆ ಕೂಗೋದು ದೊಡ್ಡ ವಿಷಯ ಅಲ್ಲ ಕಣೇ. ಸಣ್ಣ ಚಿನ್ನಕ್ಕೆ ಕೂಗಬೇಕು. ನಿನ್ನ ಹತ್ತಿರ ಸಣ್ಣದು ಏನಿದೆ?"

ಅವತ್ತು ನಾನು ಕರಿಮಣಿ ಬಿಚ್ಚಿ ಹೊಸ ದಾರಕ್ಕೆ ಪೋಣಿಸುತ್ತಿದ್ದೆ. ದಾರ ಸವೆದಿತ್ತು. ತಾಳಿಯ ಅಕ್ಕಪಕ್ಕದ ನಾಲ್ಕು ಗುಂಡು ತಟ್ಟೆಯಲ್ಲಿದ್ದವು. ನಮ್ಮಪ್ಪ ರಾಬರ್ಟ್‌ಸನ್‌ಪೇಟೆಯಲ್ಲಿ ಮಾಡಿಸಿದ್ದು. ಕಡಲೆಕಾಳಿನ ಗಾತ್ರ, ಒಳಗೆ ಅರಗು, ಮೇಲೆ ಚಿನ್ನ, ಒಂದು ಗ್ರಾಂ ಕೂಡ ಇಲ್ಲ. ಗಣಿಯಿಂದ ಮೇಲೆ ಬರುವಾಗ ಮೈ ತಡವಿ ನೋಡಿ ಬಿಡುತ್ತಿದ್ದ ಕಾಲ ಅದು. ಮುಷ್ಟಿ ಮುಷ್ಟಿ ಚಿನ್ನ ತೆಗೆದ ಕೈಯವರು ಮಗಳಿಗೆ ಇಷ್ಟು ಕೊಡಲು ಎರಡು ವರ್ಷ ಚೀಟಿ ಕಟ್ಟಿದ್ದರು. "ಅರ್ಧ ಗಂಟೆ" ಅಂತ ಒಂದು ಗುಂಡು ತೆಗೆದುಕೊಂಡರು. ಕೊಟ್ಟೆ.

ಹಿತ್ತಿಲಿನಲ್ಲಿ ತರಕಾರಿಗೆ ಅಗೆದ ಕೆಂಪು ಮಣ್ಣಿನಲ್ಲಿ ಎರಡು ಬೆರಳಾಳ ಹೂತರು. ಗುರುತಿಗೆ ಒಂದು ಕಡ್ಡಿ ನೆಟ್ಟರು. ಯಂತ್ರ ಆಡಿಸಿದರು. ಸದ್ದಿಲ್ಲ. ಇವರು ಸ್ಕ್ರೂಡ್ರೈವರ್ ತರಲು ಒಳಗೆ ಬಂದರು. ಅಷ್ಟರಲ್ಲಿ ಮೊಮ್ಮಗ ಕಡ್ಡಿ ಕಿತ್ತು ಕ್ರಿಕೆಟ್ ವಿಕೆಟ್ ಮಾಡಿಕೊಂಡಿದ್ದ. ಅದೇ ಮಣ್ಣಲ್ಲಿ ಓಡಾಡಿ ಪಿಚ್ ಕೂಡ ಮಾಡಿದ್ದ. ಸಂಜೆಗೆ ಮಳೆ ಹಿಡಿಯಿತು.

ಎರಡು ದಿನ ಹುಡುಕಿದೆವು. ಹಿಟ್ಟಿನ ಜರಡಿ ಹಾಳಾಯಿತು. ಆ ಮಣ್ಣು ಒದ್ದೆಯಾದರೆ ಹುಣಿಸೆಹಣ್ಣಿನ ಮುದ್ದೆ. ಪ್ರತಿ ಬೆಣಚೂ ಗುಂಡಿನ ಹಾಗೇ ಕಾಣುತ್ತದೆ. ಧಾರವಾಡದ ಕಡೆ ಹಿಂದೆ ಜಲಗಾರರು ಅಂತ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಚಿನ್ನ ಭಾರ, ತಳಕ್ಕೆ ಕೂರುತ್ತೆ. ನಾನೂ ಹಾಗೇ ಬೇಸಿನ್ನಿನಲ್ಲಿ ತೊಳೆದೆ. ಆದರೆ ಅರಗಿನ ಗುಂಡು ಗಟ್ಟಿ ಚಿನ್ನದಷ್ಟು ಭಾರ ಎಲ್ಲಿ? ಕಲ್ಲಿನ ಜೊತೆ ಚೆಲ್ಲಿಬಿಟ್ಟೆನೇನೋ ಅಂತ ಇನ್ನೊಂದು ಭಯ. ಮೂರನೇ ದಿನ ನನ್ನ ಬಾಯಿಂದ ಬಂದೇಬಿಟ್ಟಿತು: "ಆಗ ಬಳೆ ಹೋಯ್ತು. ಈಗ ತಾಳಿಗೇ ಬಂದಿರಾ?"

ಇವರು ಏನೂ ಅನ್ನಲಿಲ್ಲ. ಎದ್ದು ಗ್ಯಾರೇಜಿಗೆ ಹೋದರು. ನಾಲ್ಕು ದಿನ ಊಟಕ್ಕೆ ಮಾತ್ರ ಒಳಗೆ. ಸೊಸೆ ನನ್ನ ಮುಖ ನೋಡುತ್ತಾಳೆ, ನಾನು ಗೋಡೆ ನೋಡುತ್ತೇನೆ. ಹೊಸದು ಮಾಡಿಸ್ತೀನಮ್ಮ ಅಂತ ಮಗ ಎರಡು ಸಲ ಹೇಳಿದ. ಅದು ಅವನಿಗೆ ಹೇಗೆ ಅರ್ಥವಾಗಬೇಕು ಹೇಳಿ.

ಐದನೇ ದಿನ ಕಾಫಿ ಕೊಡಲು ಹೋದೆ. ಬಿಲ್ಲೆ ಒಡೆದು ಒಳಗಿನ ತಂತಿ ಸುರುಳಿ ಹೊರಗೆ ಹಾಕಿದ್ದರು. ಅಂಗೈಯಗಲದ ಒಂದು ಆಸಿಲೋಸ್ಕೋಪಿನ ಪರದೆಯಲ್ಲಿ ಹಸಿರು ಗೆರೆ. ಆಡುವ ಮಾತು ಬೇರೆ ಇರಲಿಲ್ಲವೋ ಏನೋ, ಯಂತ್ರದ ವಿಷಯವನ್ನೇ ಹೇಳತೊಡಗಿದರು. ನಾನೂ ಕೂತೆ.

ನೀವು ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿಂದ ತಟ್ಟಿ ಕಿವಿಗೊಡುತ್ತೀರಲ್ಲ, ಹಾಗೇ ಈ ಯಂತ್ರ. ಸುರುಳಿಗೆ ವಿದ್ಯುತ್ತು ಕೊಟ್ಟು ತಟಕ್ಕನೆ ನಿಲ್ಲಿಸುತ್ತದೆ, ಒಂದು ಸೆಕೆಂಡಿಗೆ ನೂರಾರು ಸಲ. ಆ ನಿಲ್ಲಿಸುವುದೇ ತಟ್ಟುವುದು. ನೆಲದೊಳಗಿನ ಲೋಹ ಅದಕ್ಕೆ ಮಾರ್ದನಿ ಕೊಡುತ್ತದೆ. ದೊಡ್ಡ ತುಂಡು ದೇವಸ್ಥಾನದ ಗಂಟೆ ಹಾಗೆ ಬಹಳ ಹೊತ್ತು ಗುಂಯ್ ಅನ್ನುತ್ತದೆ. ಸಣ್ಣ ಚಿನ್ನ 'ಟಿಕ್' ಅಂದು ಮುಗಿಯಿತು. ತೊಂದರೆ ಏನೆಂದರೆ, ನಿಲ್ಲಿಸಿದ ಕೂಡಲೇ ಸುರುಳಿಯಲ್ಲೇ ನೂರಾರು ವೋಲ್ಟು ಎದ್ದು ಅದರ ಗದ್ದಲ ಅಡಗಲು ಹೊತ್ತು ಬೇಕು. ಮಿಕ್ಸಿ ಆರಿಸಿದರೂ ಮೋಟಾರು ತುಸು ಹೊತ್ತು ಗುರ್ ಅನ್ನುವುದಿಲ್ಲವೇ? ಅಷ್ಟರಲ್ಲಿ ಕೂಸು ಒಂದು ಸಲ ಮುಲುಗಿ ಸುಮ್ಮನಾದರೆ ನಿಮಗೆ ಕೇಳಲ್ಲ. ಈ ಅಗ್ಗದ ಯಂತ್ರ 25 ಮೈಕ್ರೋಸೆಕೆಂಡು ಕಾದು ಆಮೇಲೆ ಕಿವಿಗೊಡುತ್ತಿತ್ತು. ಮೈಕ್ರೋಸೆಕೆಂಡು ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಆದರೂ ನನ್ನ ಗುಂಡಿಗೆ ಅದು ತಡವೇ. ಅದರ ಮಾತು ಆಗಲೇ ಮುಗಿದಿರುತ್ತದೆ. ಹತ್ತಕ್ಕೆ ಇಳಿಸಬೇಕು.

"ಬರೀ ಗುಂಡಿ ತಿರುವಿ ಹತ್ತಕ್ಕೆ ಇಡಬಾರದೇ?"

"ಇಡಬಹುದು. ಮಿಕ್ಸಿ ಸದ್ದೇ ಕೇಳ್ತದೆ. ಮೊದಲು ಸುರುಳಿ ಬೇಗ ಸುಮ್ಮನಾಗಬೇಕು. ಇದರಲ್ಲಿ ತಂತಿನೆಲ್ಲ ಸೊಪ್ಪಿನ ಕಟ್ಟಿನ ಹಾಗೆ ಒತ್ತಾಗಿ ಸುತ್ತಿಬಿಟ್ಟಿದ್ದಾರೆ. ಎಳೆಗೆ ಎಳೆ ಅಂಟಿದ್ರೆ ಗದ್ದಲ ಬೇಗ ಇಳಿಯಲ್ಲ. ಬಿಡಿಬಿಡಿಯಾಗಿ ಸುತ್ತಬೇಕು, ಜೇಡರ ಬಲೆ ಥರ. ಮೂರು ಸಲ ಸುತ್ತಿದೆ, ನನ್ನ ಕೈಲಿ ಸಡಿಲ ಆಗ್ತಿದೆ."

ರಟ್ಟಿನ ಚಕ್ರ ನೋಡಿದೆ. ಸುತ್ತಲೂ ಕಡ್ಡಿ ಚಾಚಿದೆ. ಒಂದರ ಮುಂದೆ, ಇನ್ನೊಂದರ ಹಿಂದೆ ತಂತಿ ಹಾಯಬೇಕು. ಕಡ್ಡಿ ಎಣಿಸಿದೆ, ಹದಿನಾಲ್ಕು. ನಗು ಬಂತು, ಸಿಟ್ಟಿನಲ್ಲೂ. ಬುಟ್ಟಿ ಹೆಣೆದ ಯಾರಾದರೂ ಹೇಳುತ್ತಾರೆ, ಅಡ್ಡಕಡ್ಡಿ ಬೆಸ ಇರಬೇಕು ಅಂತ. ಸಮ ಇದ್ದರೆ ಎರಡನೇ ಸುತ್ತೂ ಮೊದಲನೆಯದರ ದಾರಿಯಲ್ಲೇ ಹೋಗಿ ಅಂಟಿಕೊಳ್ಳುತ್ತದೆ. ಬೆಸ ಇದ್ದರೆ ಸುತ್ತಿಗೊಂದು ಸಲ ಹಿಂದುಮುಂದಾಗುತ್ತದೆ. ಹುಡುಗಿಯಾಗಿದ್ದಾಗ ಪ್ಲಾಸ್ಟಿಕ್ ವೈರಿನ ಬುಟ್ಟಿ ಎಷ್ಟು ಹೆಣೆದಿಲ್ಲ ನಾವು! "ಹದಿನೈದು ಮಾಡಿ ಕೊಡಿ ಇತ್ಲಾಗೆ" ಅಂದೆ.

ದಪ್ಪ ಹೊದಿಕೆಯ ಟೆಫ್ಲಾನ್ ತಂತಿ ತರಿಸಿದ್ದರು. ಎಳೆಗಳ ನಡುವೆ ಅದೇ ಅಂತರ ಕೊಡುತ್ತದೆ. ಕೂಸು ಮಲಗಿದಾಗ ಎರಡು ಮಧ್ಯಾಹ್ನ ಕೂತು ಹೆಣೆದೆ. ತಟ್ಟೆಯಗಲದ್ದನ್ನು ಇಪ್ಪತ್ತು ಸೆಂಟಿಮೀಟರಿಗೆ ಇಳಿಸಿದೆವು. ಸಣ್ಣ ಸುರುಳಿಗೆ ಆಳ ಸಿಗಲ್ಲ, ಸಣ್ಣ ವಸ್ತು ಚೆನ್ನಾಗಿ ಸಿಗುತ್ತೆ. ಆಮೇಲೆ ಇವರು ಡ್ಯಾಂಪಿಂಗ್ ರೆಸಿಸ್ಟರ್ ಅನ್ನುವ ಭಾಗ ಬದಲಾಯಿಸಿದರು. ಗದ್ದಲ ನುಂಗುವುದು ಅದೇ. ಮೊದಲು 680 ಓಮ್ ಇತ್ತು. ಅದನ್ನು ಏರಿಸುತ್ತ ಹೋದರೆ ಹಸಿರು ಗೆರೆ ಬೇಗ ಕೆಳಗಿಳಿಯುತ್ತದೆ. ಹೆಚ್ಚಾದರೆ ತೊಟ್ಟಿಲಿನ ಹಾಗೆ ತೂಗಾಡುತ್ತದೆ. ಸಾವಿರದ ಹತ್ತಿರ ಒಂದು ಕಡೆ ತೂಗಾಟ ನಿಂತಿತು. ಸುರುಳಿಯ ಕೇಬಲ್ ತುಂಡು ಮಾಡಿ ಗಿಡ್ಡ ಮಾಡಿದರು. ಅದೂ ಗದ್ದಲದ ಪಾಲುದಾರನೇ ಅಂತೆ. ಈ ಕೆಲಸದ ಮಧ್ಯೆ ಒಂದು ಸಲ ಕೈ ತಾಗಿ ಹಾರಿಬಿದ್ದರು. ಬ್ಯಾಟರಿ ಹನ್ನೆರಡೇ ವೋಲ್ಟು ಅಂತ ಸಲಿಗೆ ಬೇಡ, ಸುರುಳಿಯ ತುದಿಯಲ್ಲಿ ಅಷ್ಟೇ ಇರುವುದಿಲ್ಲ.

ನನ್ನ ಬಳಿ ಉಳಿದಿದ್ದ ಮೂರು ಗುಂಡಿನಲ್ಲಿ ಒಂದನ್ನು ನಾನೇ ಬೆರಳಲ್ಲಿ ಹಿಡಿದು ತೋರಿಸಿದೆ. ಕೈಬಿಡಲಿಲ್ಲ, ಹೆದರಬೇಡಿ! 12 ಮೈಕ್ರೋಸೆಕೆಂಡಿಗೆ ಇಟ್ಟಾಗ ಹೆಡ್‌ಫೋನಿನಲ್ಲಿ ಸಣ್ಣಗೆ 'ಊಂ' ಅಂತು. ಇವರು ಮುಖ ಆಚೆ ತಿರುಗಿಸಿಕೊಂಡರು.

ಆದರೆ ಹಿತ್ತಿಲಿಗೆ ಹೋದರೆ ಹೊಸ ಕಾಟ. ಬೇಗ ಕಿವಿಗೊಟ್ಟರೆ ಕೆಂಪು ಮಣ್ಣಿನ ಕಬ್ಬಿಣದ ಅಂಶವೂ ಮಾತಾಡುತ್ತದೆ. ಒಂದೊಂದು ಕಬ್ಬಿಣದ ಕಲ್ಲಂತೂ ಚಿನ್ನಕ್ಕಿಂತ ಜೋರು. ಸುರುಳಿಯನ್ನು ನೆಲದಿಂದ ಒಂದೇ ಎತ್ತರದಲ್ಲಿ, ದೋಸೆ ಕಾವಲಿಗೆ ಹಿಟ್ಟು ಹರಡಿದಷ್ಟು ಸಮನಾಗಿ ಆಡಿಸಿದರೆ ಮಣ್ಣಿನ ಸದ್ದು ಒಂದೇ ಸಮ ಇರುತ್ತದೆ. ಅದರ ಮೇಲೆ ಏಳುವ ಉಬ್ಬನ್ನು ಗುರುತಿಸಬೇಕು. ಮನೆಯ ವಿದ್ಯುತ್ ತಂತಿಯ ಗುಂಯ್‌ಗಾಟವೂ ಸೇರುತ್ತದೆ. ಮಗ ಮೇನ್ ಸ್ವಿಚ್ ಆರಿಸಿದ. ಸೊಸೆ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು.

ಎರಡು ಬಾಟಲಿ ಮುಚ್ಚಳ, ಒಂದು ಮೊಳೆ, ಒಂದು ಹಳೇ ಗುಂಡಿ. ಆಮೇಲೆ ಬೇಲಿಯ ಹತ್ತಿರ, ನಾವು ಜರಡಿ ಹಿಡಿಯದೇ ಬಿಟ್ಟ ಮೂಲೆಯಲ್ಲಿ, ಇವರು ನಿಂತರು. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟರು. ಸಣ್ಣಗೆ, ಇದೆಯೋ ಇಲ್ಲವೋ ಅನ್ನುವ ಹಾಗೆ. ಚಮಚದಲ್ಲಿ ಮಣ್ಣು ಎತ್ತಿದರು. ಚಮಚವನ್ನೇ ಯಂತ್ರದ ಮುಂದೆ ಹಿಡಿದರು. ಚಮಚ ಪ್ಲಾಸ್ಟಿಕ್ಕಿನದು. ಸದ್ದು ಚಮಚದಲ್ಲೇ ಇತ್ತು.

ಯಾರ ಕಾಲಿಗೋ ಸಿಕ್ಕಿ ಒಂದು ಕಡೆ ಅಪ್ಪಚ್ಚಿಯಾಗಿತ್ತು. ಸೀಳಿದ ಜಾಗದಲ್ಲಿ ಅರಗು ಕಾಣುತ್ತಿತ್ತು. ಇವರು ಅದನ್ನು ಪ್ಯಾಂಟಿಗೆ ಒರೆಸಿ ನನ್ನ ಅಂಗೈಯಲ್ಲಿ ಇಟ್ಟರು. "ಬಳೆ ಮಾತ್ರ ಎಲ್ಲಿ ಅಗೆದರೂ ಸಿಗಲ್ಲ" ಅಂದರು. ಅವತ್ತು ನಾನು ಆಡಿದ ಮಾತಿಗೆ ಅದೊಂದೇ ಉತ್ತರ. "ಅಂಗಡಿ ನಡೀತಲ್ಲ ಬಿಡಿ" ಅಂದೆ. ಮತ್ತೇನು ಹೇಳಲಿ?

ಆಮೇಲೆ ಪರವಾನಗಿ ಮಾಡಿಸಿ ಮೂರು ಭಾನುವಾರ ಕಾಡಿಗೂ ಹೋಗಿ ಬಂದೆವು. ನಾನು ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದೆ. ಚಿನ್ನ ಸಿಗಲಿಲ್ಲ. ಬೇಟೆಗಾರರು ಹಾರಿಸಿದ ಸೀಸದ ಗುಂಡುಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು, ಅರ್ಧ ಜಾಮ್ ಬಾಟಲಿ ಸಿಕ್ಕವು. ಅಷ್ಟು ಸಣ್ಣದಕ್ಕೆ ಯಂತ್ರ ಕೂಗುತ್ತಿದೆಯಲ್ಲ ಎಂದು ಇವರಿಗೆ ಅದೇ ಸಂಭ್ರಮ. ಬಾಟಲಿ ಇವತ್ತಿಗೂ ಮಗನ ಗ್ಯಾರೇಜಿನಲ್ಲಿದೆ.

ಊರಿಗೆ ಬಂದ ಮೇಲೆ ಅಕ್ಕಸಾಲಿಗರ ಹತ್ತಿರ ಗುಂಡು ತೋರಿಸಿದೆ. ಕರಗಿಸಿ ಹೊಸದು ಮಾಡಿಕೊಡುತ್ತೇನಮ್ಮ ಎಂದರು. ಸೀಳು ಮಾತ್ರ ಮುಚ್ಚಿಕೊಡಿ, ಅಪ್ಪಚ್ಚಿ ಹಾಗೇ ಇರಲಿ ಅಂದೆ. ಹಾಗೇ ಇದೆ, ಎಡಗಡೆಯ ಎರಡನೆಯದು.

ಈಗ ಮಗ ಇನ್ನೊಂದು ಸುರುಳಿ ಬೇಕಂತ ಫೋನ್ ಮಾಡಿದ್ದಾನೆ. ದೊಡ್ಡದು, ಆಳದ್ದಕ್ಕೆ. ತಂತಿ ಕಳಿಸಿದರೆ ಹೆಣೆದು ಕೊಡುತ್ತೇನೆ ಅಂದಿದ್ದೇನೆ. ಪರೀಕ್ಷೆಗೆ ಗುಂಡು ಮಾತ್ರ ಕೇಳಬೇಡ ಅಂತಲೂ.